ಮೇಡಂ ಅವರ ಬಲಗಾಲು

ಮೇಡಂ ಧೈರ್ಯವಂತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಅವರ ಬೀಳ್ಕೊಡುಗೆಯ ದಿನ ನಮ್ಮ ಹೆಡ್‌ಮಾಸ್ತರು ಮೈಕ್ ಹಿಡಿದು ಹೇಳಿದ್ದು ಹೀಗೆ: "ಈ ಹೆಣ್ಮಗಳು ಸ್ಕೂಟರ್ ಬಿಟ್ಟು ಬೈಕ್ ಹತ್ತಿ, ಮೈನಿಂಗ್ ಲಾರಿಗಳ ನಡುವ ಹುಲಿ ಬಂದಂಗ ಬರ್ತಿದ್ರು. ಒಂದಿನ ಮುಂದಿನ ಲಾರಿಯಿಂದ ಅದಿರಿನ ಗಡ್ಡಿ ಉರುಳಿ ಬಿದ್ದಾಗ ಗಚ್ಚನ ಬ್ರೇಕ್ ಹಾಕಿ ಎರಡು ಜೀವ ಉಳಿಸಿದ್ರು. ಅಂಜಿಕಿ ಅನ್ನೂದ ಇವ್ರಿಗೆ ಗೊತ್ತಿಲ್ರಿ!" ಮಕ್ಕಳು ಚಪ್ಪಾಳೆ ತಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೇಡಂ ಕುರ್ಚಿಯಲ್ಲಿ ಕೂತು, ತಲೆ ತಗ್ಗಿಸಿ, ತಮ್ಮ ಎಡಗೈಯನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರೂ ಅದನ್ನು ಸಂಕೋಚ ಎಂದುಕೊಂಡರು.

ಆ ಎರಡು ಜೀವಗಳಲ್ಲಿ ಒಂದು ನಾನು. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕಲು ಹೆಡ್‌ಮಾಸ್ತರಿಗಿಂತ ನನಗೆ ಹೆಚ್ಚು ಹಕ್ಕಿದೆ. ಅವರು ಮೇಡಂ ಅವರನ್ನು ಎದುರಿನಿಂದ ನೋಡಿದವರು. ನಾನು ಅವರ ಬೆನ್ನಿಗೆ ಅಂಟಿ ಕೂತು ಹೋಗಿಬಂದವಳು. ಯಾವ ತಿರುವಿನಲ್ಲಿ ಅವರ ಭುಜ ಕಿವಿಯವರೆಗೆ ಏರುತ್ತದೆ, ಯಾವ ಸೇತುವೆಯ ಮೇಲೆ ಅವರು ಉಸಿರು ಹಿಡಿಯುತ್ತಾರೆ ಎಂದು ನನಗೆ ಗೊತ್ತು. ನನ್ನ ವಾದ ಸರಳವಾಗಿದೆ: ನಾನು ಕಂಡವರಲ್ಲೆಲ್ಲ ಮಹಾ ಅಂಜುಬುರುಕಿ ಅವರು. ಬೈಕ್ ಹತ್ತಿದ್ದೂ ಅಂಜಿಕೆಯಿಂದಲೇ. ಇದನ್ನು ನಾನು ಅವರನ್ನು ಹೀಗಳೆಯಲು ಹೇಳುತ್ತಿಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಹೊಗಳಿಕೆಗೆ ಏನರ್ಥ?

ನಮ್ಮ ಶಾಲೆ ಸಂಡೂರು ದಾಟಿ ಬಂಡ್ರಿಯ ಕಡೆಗಿರುವ ಒಂದು ಹಳ್ಳಿಯಲ್ಲಿದೆ. ನಾನು ಅಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ, ಅವರು ಹಿಂದಿ ಟೀಚರ್. ಹೊಸಪೇಟೆಯಿಂದ ಸಂಡೂರಿಗೆ ಬಸ್ಸುಗಳಿಗೆ ಬರವಿಲ್ಲ. ಅಲ್ಲಿಂದ ಮುಂದಕ್ಕೆ ಹೋಗುವ ಬಸ್ಸು ಮಾತ್ರ ಪ್ರಾರ್ಥನೆ ಮುಗಿದ ಮೇಲೆಯೇ ನಮ್ಮನ್ನು ಇಳಿಸುತ್ತದೆ. ಅದಕ್ಕೇ ಮೇಡಂ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಅವರ ಮನೆ. ಅವರ ಯಜಮಾನರು ಅಲ್ಲಿಯೇ ಕಾಲುವೆ ಆಫೀಸಿನಲ್ಲಿ ಕೆಲಸಕ್ಕಿದ್ದರು. ನಾನು ಊರೊಳಗಿನ ನಮ್ಮ ಮನೆಯಿಂದ ಮುಖ್ಯರಸ್ತೆಗೆ ಬಂದು ನಿಂತರೆ ಮೇಡಂ ಗಾಡಿ ನಿಲ್ಲಿಸಿ ಮೊದಲು ಒಂದು ಅಂಗಿ ಕೊಡುತ್ತಿದ್ದರು. ಯಜಮಾನರ ಹಳೆಯ ತುಂಬುತೋಳಿನ ಅಂಗಿ. ಸೀರೆಯ ಮೇಲೆ ಅವರೊಂದು, ಚೂಡಿದಾರದ ಮೇಲೆ ನಾನೊಂದು ಹಾಕಿಕೊಳ್ಳದಿದ್ದರೆ ಶಾಲೆ ಮುಟ್ಟುವಷ್ಟರಲ್ಲಿ ನಾವು ಅದಿರಿನ ಬಣ್ಣಕ್ಕೆ ತಿರುಗಿರುತ್ತಿದ್ದೆವು. ಶಾಲೆಯಲ್ಲಿ ಆ ಅಂಗಿಗಳನ್ನು ಕೊಡವಿ ಸ್ಟಾಫ್ ರೂಮಿನ ಕಿಟಕಿ ಸರಳಿಗೆ ನೇತು ಹಾಕುತ್ತಿದ್ದೆವು.

"ನಾ ಒಂದ್ಸಲನೂ ಸಂಡೂರಿಗೆ ಹೋಗಂಗಿಲ್ಲ. ನನ್ನ ಅಂಗಿಗೋಳು ದಿನಾ ಹೊಕ್ಕಾವ," ಎನ್ನುತ್ತಿದ್ದರು ಯಜಮಾನರು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ ಎಂದು ಗೊತ್ತಾದ ದಿನದಿಂದ ಮೇಡಂ ನನ್ನನ್ನು "ವಕೀಲಮ್ಮ" ಎಂದೇ ಕರೆದರು. ಮುನಿದಾಗ ಮಾತ್ರ ಹೆಸರು ಹಿಡಿಯುತ್ತಿದ್ದರು.

ಅವರ ಅಂಜಿಕೆಯ ಬಗ್ಗೆ ಸಾಕ್ಷಿ ಬೇಕೆನ್ನುವವರಿಗೆ ಒಂದೆರಡು ಕೊಡುತ್ತೇನೆ. ಅವರು ಯಾವ ಕೋಣೆಗೆ ಹೋದರೂ ಮೊದಲು ತಲೆಯೆತ್ತಿ ಫ್ಯಾನಿನ ಕೊಕ್ಕೆ ನೋಡುತ್ತಿದ್ದರು. ಅದರ ಕೆಳಗೆ ಮಕ್ಕಳನ್ನು ಕೂರಿಸುತ್ತಿರಲಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅರ್ಧ ದಾರಿಯಿಂದ ಗಾಡಿ ತಿರುಗಿಸಿದ್ದಾರೆ. ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗ ಎಲ್ಲರೂ ಹರಿಗೋಲು ಹತ್ತಿ ಹೊಳೆಯಲ್ಲಿ ಒಂದು ಸುತ್ತು ಹೊರಟರು. ಮೇಡಂ ಹತ್ತಲಿಲ್ಲ. ಮಕ್ಕಳ ಚಪ್ಪಲಿಗಳ ರಾಶಿ ಕಾಯುತ್ತ, ತುಟಿ ಅಲ್ಲಾಡಿಸುತ್ತ ದಂಡೆಯ ಮೇಲೆ ನಿಂತಿದ್ದರು. ಹರಿಗೋಲು ಸುರಕ್ಷಿತವಾಗಿ ವಾಪಸು ಬಂದ ಮೇಲೆ, ಯಾವ ತಪ್ಪನ್ನೂ ಮಾಡದ ಅಂಬಿಗನಿಗೆ ಬೈದರು.

"ಯಾಕ್ರಿ ಮೇಡಂ, ಏನೂ ಆಗ್ಲಿಲ್ಲಲ್ರೀ," ಎಂದೆ ನಾನು.

"ಆಗ್ಲಿಲ್ಲ ಅಂತನ ಬೈಯಾಕ ಧೈರ್ಯ ಬಂತು. ಆಗಿದ್ರ ಬಾಯಿ ಎಲ್ಲಿರ್ತಿತ್ತು?" ಎಂದರು.

ಇಂಥವರು ಬೈಕಿನ ಕಡೆ ಹೊರಳಿದ್ದು ಹೇಗೆ ಎಂಬುದೇ ಪ್ರಶ್ನೆ. ಗುಡ್ಡದ ರಸ್ತೆಯಲ್ಲಿ ಧೂಳು ಏಳಬಾರದೆಂದು ಟ್ಯಾಂಕರಿನಿಂದ ನೀರು ಬಿಡುತ್ತಾರೆ. ಆ ಕೆಂಪು ಪುಡಿಗೆ ನೀರು ಬಿದ್ದರೆ ರಸ್ತೆ ಬೆಣ್ಣೆ ಸವರಿದ ಹಾಗಾಗುತ್ತದೆ. ಒಂದು ಬೆಳಿಗ್ಗೆ ಅಂಥ ತಿರುವಿನಲ್ಲಿ ಸ್ಕೂಟರಿನ ಮುಂದಿನ ಚಕ್ರ ಜಾರಿತು. ನಾವು ಬೀಳಲಿಲ್ಲ. ಇಬ್ಬರೂ ಕಾಲು ಕೊಟ್ಟು ಹೇಗೋ ನಿಂತೆವು. ಪಕ್ಕದಲ್ಲೇ ಒಂದು ಟಿಪ್ಪರ್ ಮೆಲ್ಲಗೆ ಹಾದು ಹೋಯಿತು. ಅದರ ಚಕ್ರ ನನ್ನ ತಲೆಯ ಮಟ್ಟಕ್ಕಿತ್ತು. ಮೇಡಂ ಕೆಳಗಿಳಿದು ಸ್ಕೂಟರಿನ ಚಕ್ರವನ್ನು ಬಹಳ ಹೊತ್ತು ನೋಡಿದರು, ಮೊದಲ ಸಲ ನೋಡುವವರ ಹಾಗೆ.

"ಎಷ್ಟ್ ಸಣ್ಣದೈತಿ ನೋಡಲೇ ಇದು. ಇದರ ಮ್ಯಾಲೆ ಇಷ್ಟ್ ದಿನ ಹೆಂಗ ಕುಂತಿದ್ವಿ?"

ಅಂದಿನಿಂದ ನಮ್ಮ ದಾರಿ ಪೂರ್ತಿ ಚರ್ಚೆ. ದೊಡ್ಡ ಚಕ್ರದ ಯಜಮಾನರ ಬೈಕ್ ಮನೆಯ ಮುಂದೆ ಸುಮ್ಮನೆ ನಿಂತಿರುತ್ತಿತ್ತು; ಅವರ ಆಫೀಸಿಗೆ ನಡೆದೇ ಹೋಗಬಹುದು. ಗಾಡಿ ಅದಲು ಬದಲು ಮಾಡಿಕೊಂಡರೆ ಮುಗಿಯಿತು. ಆದರೆ ಮುಗಿಯಬೇಕಲ್ಲ! "ಇವತ್ತು ನೀ ವಿರುದ್ಧ ಮಾತಾಡು, ನಾ ಪರ," ಎಂದು ಹೆಲ್ಮೆಟ್ ಒಳಗಿಂದ ಕೂಗುತ್ತಿದ್ದರು. ಮರುದಿನ ಪಕ್ಷ ಬದಲು. ನಾನು ಎಲ್ಲ ಅಸ್ತ್ರ ಬಿಟ್ಟೆ: ನೀವು ಗಿಡ್ಡ, ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ, ಬೈಕಿನ ಭಾರ ತಡೆಯುವುದು ಕಷ್ಟ, ಸೀರೆ ಬಿಟ್ಟು ಚೂಡಿದಾರಕ್ಕೆ ಬರಬೇಕು, ಹೆಡ್‌ಮಾಸ್ತರ ಹುಬ್ಬು ಏರುತ್ತದೆ, ಊರಿನ ಜನ ಆಡಿಕೊಳ್ಳುತ್ತಾರೆ.

ಕೊನೆಯ ಎರಡನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಜನ ಏನ್ ಮಾಡ್ತಾರವ್ವಾ? ಮಾತಾಡ್ತಾರ. ಲಾರಿ ಮಾತಾಡಂಗಿಲ್ಲ, ಬಂದ ಬಿಡ್ತದ."

ಕಾಲೇಜಿನಲ್ಲಿ ನಾನು ಎದುರಿಸಿದ ಯಾರೂ ಹೀಗೆ ವಾದಿಸುತ್ತಿರಲಿಲ್ಲ. ಅಲ್ಲಿ ಗೆದ್ದರೆ ಬಹುಮಾನದ ಒಂದು ಕಪ್ಪು, ಸೋತರೆ ಒಂದು ಚಹಾ. ಮೇಡಂ ಗೆಲ್ಲಲು ವಾದಿಸುತ್ತಿರಲಿಲ್ಲ. ತಾವು ಎಲ್ಲಿ ತಪ್ಪುತ್ತಿದ್ದೇವೆ ಎಂದು ಯಾರಾದರೂ ಹಿಡಿದುಕೊಡಲಿ ಎಂದು ವಾದಿಸುತ್ತಿದ್ದರು. ನಾನು ಬಲವಾದ ಒಂದು ಮಾತು ಹೇಳಿದರೆ ಬೇಸರಪಡುವ ಬದಲು, "ಹಾಂ, ಇದು ಐತಿ ನೋಡು, ಇದಕ್ಕ ನಾ ಅಂಜಬೇಕು," ಎಂದು ಖುಷಿಯಿಂದ ಒಪ್ಪುತ್ತಿದ್ದರು. ಅಂಜಿಕೆಯನ್ನು ಹೀಗೆ ಹುಡುಕಿ ಹುಡುಕಿ ಕೂಡಿಹಾಕಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಅಂಜಿಕೆ ನನಗೆ ಹೊಳೆದದ್ದಲ್ಲ, ಅವರೇ ಕಂಡುಹಿಡಿದದ್ದು. ಒಂದು ಭಾನುವಾರ ಕ್ವಾರ್ಟರ್ಸಿನ ಖಾಲಿ ರಸ್ತೆಯಲ್ಲಿ ಯಜಮಾನರು ಬೈಕ್ ಕಲಿಸಲು ನಿಂತರು. ನಾನೂ ಹೋಗಿದ್ದೆ.

"ನೋಡು, ಎಡಗೈಯಾಗ ಕ್ಲಚ್. ಎಡಗಾಲಾಗ ಗೇರ್. ಬಲಗೈಯಾಗ ಮುಂದಿನ ಬ್ರೇಕ್, ಬಲಗಾಲಾಗ ಹಿಂದಿನ ಬ್ರೇಕ್. ಇಷ್ಟ."

ಮೇಡಂ ಬೈಕ್ ಮೇಲೆ ಕೂತವರು ಅಲ್ಲಾಡಲಿಲ್ಲ. "ಹಂಗಾರ ಎಡಗೈಯಾಗ ಬ್ರೇಕ್ ಇಲ್ಲ?"

"ಇಲ್ಲ. ಕ್ಲಚ್ ಅಂದ್ನೆಲ್ಲ."

"ನನ್ನ ಎಡಗೈ ಇಷ್ಟ್ ವರ್ಷದಿಂದ ಬ್ರೇಕ್ ಹಿಡಿದೈತ್ರಿ. ಏನಾರ ಅಡ್ಡ ಬಂತಂದ್ರ ಅದು ನನ್ನ ಕೇಳಿ ಹಿಡಿಯಂಗಿಲ್ಲ. ತಾನ ಹಿಡಿದ ಬಿಡ್ತದ."

ಯಜಮಾನರು ನಕ್ಕರು. "ರೂಢಿ ಆಗ್ತದ ಬಿಡು."

"ರೂಢಿ ಆಗೂತನಕ?"

ಅವರ ನಗು ಅಲ್ಲಿಗೆ ನಿಂತಿತು. ನನಗೂ ಆಗಲೇ ಅರ್ಥವಾದದ್ದು. ಗೇರಿಲ್ಲದ ಸ್ಕೂಟರಿನಲ್ಲಿ ಎರಡೂ ಬ್ರೇಕು ಕೈಯಲ್ಲಿಯೇ. ಮುಂದಿನ ಚಕ್ರ ಜಾರೀತೆಂಬ ಅಂಜಿಕೆಗೆ ಮೇಡಂ ಬಲಗೈ ಬ್ರೇಕನ್ನು ಮುಟ್ಟುತ್ತಿರಲಿಲ್ಲ, ಅವರದೇನಿದ್ದರೂ ಎಡಗೈ. ಗಾಬರಿಯಾದರೆ ಎಡಗೈ ಬಿಗಿಯುತ್ತದೆ, ಗಾಡಿ ನಿಲ್ಲುತ್ತದೆ. ಬೈಕಿನಲ್ಲಿ ಅದೇ ಎಡಗೈ ಅದೇ ಜಾಗದಲ್ಲಿ ಬಿಗಿದರೆ ಗಾಡಿ ನಿಲ್ಲುವುದಿಲ್ಲ. ಎಂಜಿನ್ನಿನ ಹಿಡಿತ ತಪ್ಪುತ್ತದೆ, ಇಳಿಜಾರಿನಲ್ಲಿ ಗಾಡಿ ಇನ್ನೂ ಹಗುರಾಗಿ ಓಡುತ್ತದೆ. ನಿಲ್ಲಿಸಿದೆ ಎಂದು ನಂಬಿದ ಕೈಯೇ ಬಿಟ್ಟುಬಿಟ್ಟಿರುತ್ತದೆ. ಸಂಡೂರಿನಿಂದ ಬರುವಾಗ ಇರುವುದೆಲ್ಲ ಇಳಿಜಾರು.

ಅಲ್ಲಿಂದ ಶುರುವಾಯಿತು ಬಲಗಾಲಿನ ಕಥೆ. ಎಡಗೈಯ ಚಟ ಬಿಡಿಸಿ ಬಲಗಾಲಿಗೆ ಚಟ ಹತ್ತಿಸಬೇಕು ಎಂದು ಮೇಡಂ ತೀರ್ಮಾನಿಸಿದರು. ಸ್ಟಾಫ್ ರೂಮಿನಲ್ಲಿ ಮೇಜಿನ ಕೆಳಗೆ ಅವರ ಬಲಗಾಲು ನೆಲ ಒತ್ತುತ್ತಲೇ ಇರುತ್ತಿತ್ತು. ಹೆಡ್‌ಮಾಸ್ತರು ದನಿ ಏರಿಸಿದರೆ ಒತ್ತುವುದು, ವರಾಂಡದಲ್ಲಿ ಯಾವುದೋ ಮಗು ಎಡವಿದರೆ ಒತ್ತುವುದು. ಮನೆಯಲ್ಲಿ ಹಾಲು ಉಕ್ಕಿದರೂ ಒಲೆ ಬಂದ್ ಮಾಡುವ ಮೊದಲು ಕಾಲು ಒತ್ತುತ್ತಾಳೆ ಎಂದು ಯಜಮಾನರು ಚಾಡಿ ಹೇಳಿದರು. ಮಕ್ಕಳಿಗೆ ಕಾರಣ ಗೊತ್ತಿರಲಿಲ್ಲ, ಆಟ ಮಾತ್ರ ಗೊತ್ತಾಯಿತು. ಬೆಂಚು ಬೇಕೆಂದೇ ಅಲ್ಲಾಡಿಸಿ, "ಹಿಂದಿ ಮಿಸ್ ಬ್ರೇಕ್ ಹಾಕಿದ್ರಲೇ!" ಎಂದು ಪಿಸುಗುಡುತ್ತಿದ್ದರು.

ನನಗೊಂದು ಕೆಲಸ ಕೊಟ್ಟಿದ್ದರು. "ಸುಮ್ ಸುಮ್ಕ ನನ್ನ ಅಂಜಿಸು ನೀನು. ಮೊದಲ ಹೇಳಬ್ಯಾಡ. ಏನ್ ಅಲ್ಲಾಡ್ತದ ನೋಡಿ ಹೇಳು."

ನಾನು ಹಿಂದಿನಿಂದ ಹೋಗಿ ಡಸ್ಟರಿನಿಂದ ಮೇಜು ಬಡಿಯುತ್ತಿದ್ದೆ. ಬಾಗಿಲ ಸಂದಿಯಲ್ಲಿ ಅವಿತು ಕೂಗುತ್ತಿದ್ದೆ. ಮೇಡಂ ಬೆಚ್ಚಿ ಬೀಳುತ್ತಿದ್ದರು, ಮರುಕ್ಷಣವೇ ಪರೀಕ್ಷೆಯ ಫಲಿತಾಂಶ ಕೇಳುವ ಮಗುವಿನ ಹಾಗೆ ನನ್ನ ಮುಖ ನೋಡುತ್ತಿದ್ದರು.

"ಎಡಗೈ, ಮೇಡಂ."

"ಥೂ ಇದರ!"

ಮೊದಮೊದಲು ಬರೀ ಎಡಗೈ. ಮಳೆಗಾಲ ಬರುವಷ್ಟರಲ್ಲಿ ಬಲಗಾಲೂ ಅಲ್ಲಾಡತೊಡಗಿತು.

"ಎರಡೂ ಮೇಡಂ."

"ಎರಡೂ ಅಂದ್ರ ಯಾವುದು ಮೊದಲು?"

ಅದನ್ನು ನಾನು ಹೇಳಲಾರದೆ ಹೋದೆ. ನನ್ನ ಕಣ್ಣು ಅಷ್ಟು ಚುರುಕಿಲ್ಲ. ಯಾರ ಕಣ್ಣೂ ಇಲ್ಲ ಎಂದು ಈಗ ಅನಿಸುತ್ತದೆ.

ಹಾಗಾದರೆ ತೀರ್ಮಾನ ಹೇಗಾಯಿತು? ಧೈರ್ಯ ಬಂದು ಆಯಿತೇ? ಇಲ್ಲ. ಟ್ಯಾಂಕರಿನ ತಿರುವಿನಲ್ಲಿ ಸ್ಕೂಟರ್ ಮತ್ತೊಮ್ಮೆ ಜಾರಿತು. ಆ ಸಂಜೆ ನನ್ನನ್ನು ಇಳಿಸುವಾಗ ಮೇಡಂ ಹೇಳಿದ್ದು ನನಗೆ ಹಾಗೇ ನೆನಪಿದೆ: "ಸಣ್ಣ ಚಕ್ರಕ್ಕ ದಿನಾ ಅಂಜಬೇಕು. ಎಡಗೈಗೆ ಒಂದ ದಿನ ಅಂಜೂದು. ಆದ್ರ ಆ ಒಂದಿನ ಯಾವತ್ತು ಅಂತ ಗೊತ್ತಿಲ್ಲ. ಹೇಳು ವಕೀಲಮ್ಮ, ಯಾವುದು ಬೇಶ್?" ನಾನು ಕೆಳಗಿಳಿದು ಅಂಗಿ ಬಿಚ್ಚಿ ಕೊಟ್ಟೆ. "ನೀ ನಾಳಿಂದ ಬಸ್ಸಿಗೆ ಬಾ. ನನ್ನ ಜೀವದ್ದು ನಾ ತೀರ್ಮಾನ ಮಾಡಬಹುದು. ನಿಂದು ನನ್ನ ಕೈಯಾಗಿಲ್ಲ," ಎಂದು ಹೊರಟುಬಿಟ್ಟರು.

ಮರುದಿನ ಅವರು ಚೂಡಿದಾರದಲ್ಲಿ, ಯಜಮಾನರ ಅಂಗಿಯಲ್ಲಿ, ಯಜಮಾನರ ಬೈಕಿನಲ್ಲಿ ಒಬ್ಬರೇ ಶಾಲೆಗೆ ಬಂದರು. ನಾನು ಬಸ್ಸಿನಲ್ಲಿ ಬಂದು, ತಡವಾಗಿ, ಹೆಡ್‌ಮಾಸ್ತರ ಕೈಯಲ್ಲಿ ಬೈಸಿಕೊಂಡೆ. ದಸರಾ ಬರುವ ತನಕ ಹೀಗೆಯೇ ನಡೆಯಿತು. ಆಯುಧಪೂಜೆಯ ದಿನ ಅವರ ಮನೆಗೆ ಹೋದರೆ, ಬೈಕ್ ತೊಳೆದು ಹೂವು ಏರಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ಎಲ್ಲರೂ ಹೆಡ್‌ಲೈಟಿಗೆ ಕುಂಕುಮ ಹಚ್ಚಿದರೆ, ಇವರು ನೆಲದ ಮೇಲೆ ಕೂತು ಬ್ರೇಕಿನ ಪೆಡಲಿಗೆ ಹಚ್ಚುತ್ತಿದ್ದರು.

"ಕಾಲಿಲೆ ತುಳಿಯೂದಕ್ಕ ಕುಂಕುಮ ಹಚ್ತಾರೇನ?" ಎಂದರು ಯಜಮಾನರು.

"ತುಳೀಲಿ ಅಂತನ ಹಚ್ಚಾಕತ್ತೀನಿ."

ಆ ವಾರವೇ ನಾನು ಅವರ ಹಿಂದೆ ಹತ್ತಿದೆ. ಅವರು ಬೇಡವೆಂದರು. ಬಸ್ಸಿಗಿಂತ ನಿಮ್ಮ ಅಂಜಿಕೆಯ ಮೇಲೆ ನನಗೆ ಹೆಚ್ಚು ನಂಬಿಕೆ ಎಂದು ನಾನು ವಾದಿಸಿದೆ. ಅದೊಂದು ವಾದದಲ್ಲಿ ಅವರು ಸೋತರು, ಸೋತದ್ದು ಅವರಿಗೆ ಇಷ್ಟವಾಗಲಿಲ್ಲ.

ಇನ್ನು ಆ ಗಡ್ಡಿ ಬಿದ್ದ ದಿನ.

ಶಾಲೆ ಬಿಟ್ಟು ವಾಪಸು ಬರುತ್ತಿದ್ದೆವು. ಗುಡ್ಡ ಇಳಿಯುವಾಗ ಮುಂದೊಂದು ಟಿಪ್ಪರ್, ಅದರ ತಾಡಪಾಲಿನ ಒಂದು ಮೂಲೆ ಬಿಚ್ಚಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೇಡಂ ಆಗಲೇ ಹಿಂದೆ ಸರಿದಿದ್ದರು. ಆದರೂ ಕಲ್ಲಿನಂಥ ಆ ಅದಿರಿನ ಗಡ್ಡಿ ಬಿದ್ದು, ಪುಟಿದು, ನಮ್ಮ ಕಡೆಗೆ ಉರುಳಿ ಬಂದದ್ದನ್ನು ನಾನು ಅವರ ಭುಜದ ಮೇಲಿಂದ ಕಂಡೆ. ಆಮೇಲೆ ನನಗೆ ಗೊತ್ತಿರುವುದು ಇಷ್ಟೇ: ಅವರ ಭುಜ ಮೇಲೇರಿತು. ಎಂಜಿನ್ನಿನ ಸದ್ದು ಒಮ್ಮೆಲೇ ಹಗುರಾಯಿತು. ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಬೈಕು ರಸ್ತೆಯಂಚಿಗೆ ಗಾಳಿ ತಂದು ಗುಡ್ಡೆ ಹಾಕಿದ ಕೆಂಪು ಪುಡಿಯಲ್ಲಿ ಮುಂದಿನ ಚಕ್ರ ಹೂತು ನಿಂತಿತ್ತು. ನಾವು ಬಿದ್ದಿರಲಿಲ್ಲ. ಟಿಪ್ಪರ್ ತಿರುವು ದಾಟಿ ಹೋಗಿತ್ತು. ಅದಕ್ಕೆ ಏನೂ ಗೊತ್ತಿರಲಿಲ್ಲ.

"ಪೆಟ್ಟಾತೇನ? ಲೇ, ಹೇಳು, ಪೆಟ್ಟಾತೇನ?"

"ಇಲ್ರಿ ಮೇಡಂ."

ಅವರು ಹೆಲ್ಮೆಟ್ ತೆಗೆದರು. ಅಂಗಿ ಕೊಡವಿಕೊಂಡರು. ಆಮೇಲೆ ತಮ್ಮ ಎಡಗೈ ಬಿಚ್ಚಿ, ಅಂಗೈಯನ್ನು ನೋಡುತ್ತ ನಿಂತರು. "ನಡಿ, ಹೊತ್ತಾತು," ಎಂದರು, ಅಷ್ಟೇ.

ನಮ್ಮ ಹಿಂದಿನ ಬಸ್ಸಿನಲ್ಲಿದ್ದ ಯಾರೋ ನಾವು ನಿಂತದ್ದನ್ನು ಕಂಡು ಊರಿಗೆ ಹೇಳಿದರು. ಊರು ಹೆಡ್‌ಮಾಸ್ತರಿಗೆ ಹೇಳಿತು. ಆ ಗಚ್ಚನೆಯ ಬ್ರೇಕು ಕಥೆಗೆ ಎಲ್ಲಿ ಸೇರಿತೋ ಗೊತ್ತಿಲ್ಲ. ಬ್ರೇಕು ಬಿದ್ದಿತ್ತು ಎಂಬುದಕ್ಕೆ ಆಧಾರವೇನು? ಎಂಜಿನ್ ಸದ್ದು ಹಗುರಾಯಿತು ಎಂದರೆ ಎಡಗೈ ಕ್ಲಚ್ ಹಿಡಿದಿತ್ತು ಎಂದಷ್ಟೇ ಅರ್ಥ. ಅದರ ಜೊತೆ ಬಲಗಾಲೂ ತುಳಿದಿದ್ದರೆ ಮೇಡಂ ಅವರ ಅಷ್ಟು ತಿಂಗಳ ಅಭ್ಯಾಸ ನಮ್ಮನ್ನು ಉಳಿಸಿತು. ತುಳಿದಿರದಿದ್ದರೆ ನಮ್ಮನ್ನು ನಿಲ್ಲಿಸಿದ್ದು ಆ ಪುಡಿಯ ಗುಡ್ಡೆ. ಪುಡಿಯಲ್ಲಿ ಬ್ರೇಕಿನ ಗುರುತು ಉಳಿಯುವುದಿಲ್ಲ, ಉಳಿದಿದ್ದರೂ ನಾನು ಆಗ ನೋಡುವ ಸ್ಥಿತಿಯಲ್ಲಿರಲಿಲ್ಲ. ಎರಡೂ ಪಕ್ಷಕ್ಕೆ ಸಮ ಬಲ. ಮೇಡಂ ಊರಿನ ಮಾತನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮರುದಿನ ಅದೇ ಬೈಕಿನಲ್ಲಿ ಬಂದರು. ವೇಗ ಮಾತ್ರ ಎಷ್ಟು ಕಡಿಮೆಯಾಗಿತ್ತೆಂದರೆ, ಸೈಕಲ್ ತುಳಿಯುವ ಹುಡುಗಿಯರು ನಮಗೆ ನಮಸ್ತೆ ಹೇಳಿ ಮುಂದೆ ಹೋಗುತ್ತಿದ್ದರು.

ಈಗ ಮೇಡಂ ಕಂಪ್ಲಿಗೆ ವರ್ಗವಾಗಿದ್ದಾರೆ. ಗದ್ದೆ, ಕಾಲುವೆ, ಸಪಾಟು ರಸ್ತೆ. ಶಾಲೆಯ ಮುಂದೆಯೇ ಬಸ್ಸು ನಿಲ್ಲುತ್ತದೆ. ಕಿಟಕಿ ಪಕ್ಕ ಕೂತು ಹೋಗುತ್ತಾರೆ. ಡ್ರೈವರನ ಹಿಂದಿನ ಸೀಟು ಸಿಕ್ಕರೆ ಅಲ್ಲಿಂದಲೂ ಬಲಗಾಲು ಒತ್ತುತ್ತಾಳೆ ಎಂದು ಯಜಮಾನರು ಫೋನಿನಲ್ಲಿ ನಕ್ಕರು. ಯಜಮಾನರು ಈಗ ಆ ಸ್ಕೂಟರ್ ಬಿಟ್ಟುಕೊಡಲು ತಯಾರಿಲ್ಲ. ಕಾಲಿನ ಹತ್ತಿರ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಬರಬಹುದಲ್ಲ, ಅದಕ್ಕೆ. ಬೈಕು ಮತ್ತೆ ಮನೆಯ ಮುಂದೆ ಸುಮ್ಮನೆ ನಿಂತಿದೆ. "ವಕೀಲಮ್ಮ ಒಯ್ಯಲಿ," ಎಂದರಂತೆ ಮೇಡಂ.

ನಾನು ಈಗ ನಮ್ಮವ್ವನ ಸ್ಕೂಟರಿನಲ್ಲಿ ಅದೇ ದಾರಿಯಲ್ಲಿ ಹೋಗುತ್ತಿದ್ದೇನೆ. ಮೊನ್ನೆ ಅದೇ ತಿರುವಿನಲ್ಲಿ ನನ್ನ ಮುಂದಿನ ಚಕ್ರವೂ ಜಾರಿತು. ಒಂದು ಕಾಲು ಊರಿ ನಿಂತೆ. ಇನ್ನೊಂದು ಕಾಲು ಊರಲು ಹಿಂದೆ ಯಾರೂ ಇರಲಿಲ್ಲ. ಹಾಗಾಗಿ ಭಾನುವಾರ ಕ್ವಾರ್ಟರ್ಸಿಗೆ ಹೋದೆ. ಮೇಡಂ ಮಂಡಕ್ಕಿ ಒಗ್ಗರಣೆ ಮಾಡಿದ್ದರು, ಜೊತೆಗೆ ಮಿರ್ಚಿ. ಯಜಮಾನರು ಕೀಲಿಕೈ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ನಾನು ಅದನ್ನು ಮುಟ್ಟುವ ಮೊದಲು ಕೇಳಿದೆ. ಆ ದಿನ ಏನಾಯಿತು ಎಂದು ನೇರವಾಗಿಯೇ ಕೇಳಿದೆ.

"ಮಿರ್ಚಿ ಆರ್ತದ, ತಿನ್ನು," ಎಂದು ಮೇಡಂ ಅಡುಗೆಮನೆಗೆ ಎದ್ದು ಹೋದರು.

ಬೈಕು ಓಡಿಸುವುದನ್ನು ಕಲಿತು ಮನೆಗೆ ತಂದಿದ್ದೇನೆ; ಕೀಲಿಕೈ ಈಗ ನನ್ನ ಮೇಜಿನ ಮೇಲಿದೆ. ಶಾಲೆಯಲ್ಲಿ ಮೇಜಿನ ಕೆಳಗೆ ನನ್ನ ಬಲಗಾಲು ಒತ್ತುವುದನ್ನು ಮಕ್ಕಳು ಕಂಡುಹಿಡಿದಿದ್ದಾರೆ. ಆದರೆ ನನ್ನನ್ನು ಹಿಂದಿನಿಂದ ಬಂದು ಅಂಜಿಸಿ, ಏನು ಅಲ್ಲಾಡಿತು ಎಂದು ಹೇಳುವವರು ಯಾರೂ ಇಲ್ಲ. ಇಷ್ಟೆಲ್ಲ ಅಭ್ಯಾಸ ಮಾಡಿದ ಕಾಲು, ಬೇಕಾದ ಆ ಒಂದು ಗಳಿಗೆಯಲ್ಲಿ ಬರುತ್ತದೆಯೇ ಇಲ್ಲವೇ ಎಂದು ತಿಳಿದವರು ನನಗೆ ಗೊತ್ತಿರುವ ಹಾಗೆ ಒಬ್ಬರೇ. ಅವರು ಇದನ್ನು ಓದುತ್ತಾರೆ. ಕಂಪ್ಲಿ ಬಸ್ಸಿನಲ್ಲಿ ಓದಲು ಬೇಕಾದಷ್ಟು ಹೊತ್ತಿರುತ್ತದೆ. ಹೆಡ್‌ಮಾಸ್ತರ ಕಥೆ ನನಗೆ ಬೇಡ. ನಾಳೆ ಬೆಳಿಗ್ಗೆ ಯಾವ ಗಾಡಿ ತೆಗೆಯಬೇಕು ಎಂದು ತಿಳಿಯಬೇಕು, ಅಷ್ಟೇ.

ಮೇಡಂ, ಆವತ್ತು ನಿಮ್ಮ ಬಲಗಾಲು ತುಳೀತೇನ್ರಿ?